ಪಿಕಪ್ಪಿನ ಟೈರು: ಮಗನ ಮಾತೋ, ಮನೆಯವರ ಮಾತೋ?

ತುಮಕೂರಿನ ಶಿರಾ ಗೇಟಿನಿಂದ ಸೋದರಿಯೊಬ್ಬರು ಬರೆದಿದ್ದಾರೆ: “ನಮ್ಮ ಮನೆಯವರು ಪಿಕಪ್ ಓಡಿಸಿ ಸಂಸಾರ ತೂಗಿಸುತ್ತಾರೆ. ಗುಬ್ಬಿ ಕಡೆಯಿಂದ ತೆಂಗಿನಕಾಯಿ, ಕಾಲಕ್ಕೆ ಹುಣಸೆಹಣ್ಣು ಹೇರುತ್ತಾರೆ. ಟೈರು ಸವೆದುಹೋಗಿವೆ. ಮಗ ಅಗಲದ ಟೈರು, ಅಲಾಯ್ ಚಕ್ರ ಹಾಕಿಸೋಣ ಅಂತಾನೆ. ಇವರು ಯಾರೋ ಬಿಚ್ಚಿಟ್ಟ ಹಳೇ ಟೈರು ಸಾಕು ಅಂತಾರೆ. ದುಡ್ಡು ಮಾತ್ರ ನನ್ನ ಚೀಟಿಯದು. ಯಾರ ಮಾತು ಕೇಳಲಿ?”

ದುಡ್ಡು ನಿಮ್ಮದಾದ ಮೇಲೆ ಮಾತೂ ನಿಮ್ಮದೇ ಇರಲಿ ತಾಯಿ. ಇಬ್ಬರ ಮಾತೂ ಬೇಡ.

ಮೊದಲು ಈಗಿರುವ ಟೈರಿನ ಪಕ್ಕೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಓದಿ. 215/75 ಆರ್ 15 ಎಂದಿದೆ ಅನ್ನಿ. ಅಗಲ 215 ಮಿಲಿಮೀಟರ್, ಪಕ್ಕೆಯ ಎತ್ತರ ಆ ಅಗಲದ ನೂರಕ್ಕೆ 75 ಪಾಲು, ಆರ್ ಅಂದರೆ ರೇಡಿಯಲ್, ರಿಮ್ಮು 15 ಅಂಗುಲದ್ದು. ಅದರ ಮುಂದಿನ ಸಂಖ್ಯೆಯನ್ನು ಮಾತ್ರ ಮರೆಯದೆ ಚೀಟಿಯಲ್ಲಿ ಬರೆದುಕೊಳ್ಳಿ. ಅದು ಭಾರದ ಲೆಕ್ಕ. 100 ಎಂದರೆ ಒಂದು ಟೈರು 800 ಕಿಲೋ ಹೊರಬಲ್ಲದು, 108 ಎಂದರೆ 1000 ಕಿಲೋ. “ಸೈಜು ಒಂದೇ ಅಲ್ವೇನಮ್ಮ, ಇದು ಅಗ್ಗ” ಎಂದು ಅಂಗಡಿಯಲ್ಲಿ ಕಾರಿನ ಟೈರು ತೋರಿಸಿದರೆ ಈ ಸಂಖ್ಯೆಯನ್ನು ಹೋಲಿಸಿ. ಕಡಿಮೆಯಿದ್ದರೆ ಬೇಡವೆನ್ನಿ. ತೆಂಗಿನಕಾಯಿ ಹೇರಿದ ಗಾಡಿಯ ಭಾರವೆಲ್ಲ ಹಿಂದಿನ ಎರಡು ಟೈರಿನ ಮೇಲೆಯೇ ಕೂರುವುದು. ಹೆದ್ದಾರಿಯ ಬಿಸಿಲಿನಲ್ಲಿ ಅದು ಸಿಡಿದರೆ ಮುಂದಿನ ಮಾತು ನಾನು ಬರೆಯಬೇಕಿಲ್ಲ.

ಡಿಒಟಿ ಎಂಬ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತವೆ. 2325 ಎಂದರೆ 2025ನೇ ಇಸವಿಯ 23ನೇ ವಾರ ತಯಾರಾದದ್ದು. ಹಿಟ್ಟಿನ ಪ್ಯಾಕೆಟ್ಟಿನ ತಾರೀಖು ನೋಡಿ ಕೊಳ್ಳುವ ನಮಗೆ ಇದೇನು ಕಷ್ಟ!

ಇನ್ನು ಮಗನ ಆಸೆ. ಅಳತೆ ಮೀರಿದ ಅಗಲದ ಟೈರು ತಿರುವಿನಲ್ಲಿ, ಭಾರ ಬಿದ್ದಾಗ, ಮಡ್‌ಗಾರ್ಡಿಗೆ ಉಜ್ಜುತ್ತದೆ. ಟೈರು ಎತ್ತರವೂ ಆಯಿತೆಂದರೆ ಮೀಟರು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ, ಬ್ರೇಕಿಗೂ ಶ್ರಮ ಹೆಚ್ಚು. ಹೊಂಡಕ್ಕೆ ಬಿದ್ದರೆ ಕಬ್ಬಿಣದ ರಿಮ್ಮು ಸೊಟ್ಟಗಾಗುತ್ತದೆ, ಅಲಾಯ್ ಬಿರುಕು ಬಿಡಬಹುದು. ಕಾನೂನಿನ ಮಾತೂ ಇದೆ. ತಯಾರಕರು ಕೊಟ್ಟ ವಿವರಕ್ಕೆ ಭಿನ್ನವಾಗುವಂತೆ ಗಾಡಿಯನ್ನು ಬದಲಾಯಿಸಬಾರದು ಎನ್ನುತ್ತದೆ 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಂ; 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿದಿದೆ. ನಾಳೆ ವಿಮೆಯವರು ತಕರಾರು ತೆಗೆದರೆ ಯಾರಿಗೆ ಬೇಕು? ಹುಡುಗನನ್ನು ಬೈಯಬೇಡಿ, ಚೆಂದ ಕಾಣಲಿ ಅನ್ನೋ ವಯಸ್ಸು. ಆಯುಧಪೂಜೆಗೆ ರಿಮ್ಮಿಗೆ ಬೆಳ್ಳಿ ಬಣ್ಣ ಹೊಡೆಸಿಕೊಡಿ.

ಯಜಮಾನರ ಉಳಿತಾಯವೂ ಲೆಕ್ಕಕ್ಕೆ ಬರುವುದಿಲ್ಲ. ಹಳೇ ಟೈರಿನ ಒಳಗಿನ ಗಾಯ ಹೊರಗೆ ಕಾಣದು. ರೀಟ್ರೆಡ್ ಮಾಡಿಸಿದ್ದನ್ನು ಮುಂದಿನ ಚಕ್ರಕ್ಕಂತೂ ಹಾಕಿಸಬೇಡಿ. ಟೈರಿನ ಗೀರಿನ ತಳದಲ್ಲಿ ಸಣ್ಣ ಉಬ್ಬುಗಳಿವೆ, 1.6 ಮಿಲಿಮೀಟರ್ ಎತ್ತರ. ಸವೆದು ಅವುಗಳ ಮಟ್ಟಕ್ಕೆ ಬಂದರೆ ಅದರ ಆಯುಸ್ಸು ಮುಗಿಯಿತು. ನಾಲ್ಕಕ್ಕೂ ಹಣ ಸಾಲದಿದ್ದರೆ, ಮುಂದಿನವು ಆ ಮಟ್ಟ ಮುಟ್ಟದೆ ಚೆನ್ನಾಗಿದ್ದಲ್ಲಿ, ಈಗ ಒಂದು ಜೋಡಿ ಕೊಂಡು ಹಿಂದಕ್ಕೆ ಹಾಕಿಸಿ. ಉಳಿದ ಜೋಡಿ ಮುಂದಿನ ಚೀಟಿಗೆ.

ಗಾಳಿಯನ್ನು ಬೆಳಗ್ಗೆ ಗಾಡಿ ಹೊರಡುವ ಮುಂಚೆ, ಟೈರು ತಣ್ಣಗಿರುವಾಗ ನೋಡಿಸಬೇಕು. ಗಾಡಿಯ ಕೈಪಿಡಿಯಲ್ಲಿ ಖಾಲಿ ಗಾಡಿಗೊಂದು, ಹೇರಿದ ಗಾಡಿಗೊಂದು ಅಳತೆ ಕೊಟ್ಟಿದ್ದರೆ ಅದರಂತೆಯೇ ಹೊಡೆಸಲಿ. ಸ್ಟೆಪ್ನಿಯನ್ನು ಮರೆಯುವವರೇ ಹೆಚ್ಚು. ಹೊಸ ಟೈರು ಹಾಕಿಸಿದ ದಿನವೇ ಅಲೈನ್‌ಮೆಂಟ್ ಆಗಲಿ, ಬಿಲ್ಲಿನಲ್ಲಿ ಟೈರಿನ ನಂಬರು ಬರೆಸಿಕೊಂಡು ನಿಮ್ಮ ಬೀರುವಿನಲ್ಲೇ ಇಟ್ಟುಕೊಳ್ಳಿ.