ಮನೆಯ ಮಾತು: ಕಂಡದ್ದೆಲ್ಲ ಮುಟ್ಟಲ್ಲ

ಕಚೇರಿಯಲ್ಲಿ ತಾರೀಖಿಲ್ಲದ ಅರ್ಜಿಯನ್ನು ನಾವು ಗುಮಾಸ್ತೆಯರು ಹಿಂದಕ್ಕೆ ಕೊಟ್ಟುಬಿಡುತ್ತೇವೆ. ಮನೆಯಲ್ಲಿ ಮಾತ್ರ, ಬಹು ಮುಖ್ಯವಾದೊಂದು ತಾರೀಖನ್ನು ಬರೆದಿಡುವ ರೂಢಿಯೇ ನಮಗಿಲ್ಲ. ಇದರ ಬೆಲೆ ನನಗೆ ತಿಳಿದದ್ದು ಹೋದ ವರ್ಷ.

ನನ್ನ ತಮ್ಮನ ಹೆಂಡತಿ ರಾಯಚೂರಿನಿಂದ ಲಿಂಗಂಪಲ್ಲಿಗೆ ಬಂದು ಆರು ತಿಂಗಳಾಗಿತ್ತು. ಮುಟ್ಟಿಗೆ ಇನ್ನೂ ಮೂರು ನಾಲ್ಕು ದಿನವಿರುವಾಗಲೇ ಸ್ವಲ್ಪ ಕಂದು ಕಲೆ ಕಂಡು, ಮರುದಿನವೇ ನಿಂತಿತು. “ಅಕ್ಕಾರ, ಈ ಸಲ ಭಾಳ ಕಮ್ಮಿ ಆತ್ರೀ, ಊರು ಬದಲಾಗಿದ್ದಕ್ಕ ಇರಬೇಕು” ಎಂದಳು. ನಾನೂ ಹೌದೆಂದೆ. ಮುಂದೆ ತಿಂಗಳು ನಿಂತಾಗ ವೈದ್ಯರಿಗೆ ಆ ಕಲೆಯ ತಾರೀಖನ್ನೇ ಹೇಳಿದೆವು. ಸ್ಕ್ಯಾನಿನಲ್ಲಿ ನೋಡಿದರೆ, ಬಸಿರು ನಮ್ಮ ಲೆಕ್ಕಕ್ಕಿಂತ ಮೂರು ವಾರಕ್ಕೂ ಹೆಚ್ಚು ಮುಂದಿತ್ತು! ಮಗುವಿನ ಬೆನ್ನುಹುರಿ ರೂಪುಗೊಳ್ಳುವ ಮೊದಲ ದಿನಗಳಲ್ಲೇ ಬೇಕಾದ ಫೋಲಿಕ್ ಆಸಿಡ್ ಮಾತ್ರೆ ಅವಳಿಗೆ ತಡವಾಗಿ ದೊರಕಿತು. ಮಗು ಸುಖವಾಗಿ ಹುಟ್ಟಿತು; ಆದರೆ ಅಲ್ಲಿಯವರೆಗೆ ನಮ್ಮ ಎದೆಯ ಡವಡವ ನಿಲ್ಲಲಿಲ್ಲ.

ಬಸಿರು ಕಟ್ಟಿದ ಆರರಿಂದ ಹನ್ನೆರಡು ದಿನಗಳೊಳಗೆ ಭ್ರೂಣವು ಗರ್ಭಕೋಶದ ಒಳಪದರಕ್ಕೆ ಅಂಟಿಕೊಳ್ಳುತ್ತದೆ. ಆ ಸಮಯದಲ್ಲಿ ಕೆಲವರಿಗೆ ತುಸು ರಕ್ತ ಕಾಣುವುದುಂಟೆಂದು ವೈದ್ಯರು ಹೇಳುತ್ತಾರೆ. ಅನೇಕರಿಗೆ ಏನೂ ಕಾಣುವುದಿಲ್ಲ. ಕಂಡರೆ ನಸುಗೆಂಪು ಇಲ್ಲವೆ ಕಂದು ಬಣ್ಣ, ಗೆಡ್ಡೆಗಳಿರುವುದಿಲ್ಲ, ಕೆಲವು ಗಂಟೆಗಳಿಂದ ಒಂದೆರಡು ದಿನಗಳಷ್ಟೇ. ಮುಟ್ಟಾದರೆ ಸಾಮಾನ್ಯವಾಗಿ ಮೊದಲ ಒಂದೆರಡು ದಿನ ಹೆಚ್ಚಾಗಿ ಹೋಗಿ, ಆಮೇಲೆ ಕಡಿಮೆಯಾಗುತ್ತಾ, ಎರಡರಿಂದ ಏಳು ದಿನ ನಡೆಯುತ್ತದೆ.

ಆದರೆ ಕಲೆ ಕಂಡ ಮಾತ್ರಕ್ಕೆ ಬಸಿರೆಂದು ನಂಬಿ ಸಿಹಿ ಹಂಚಬೇಡಿ. ಮುಟ್ಟಿನ ದಿನ ಮೀರಿ ಒಂದು ವಾರವಾದ ಮೇಲೆ ಬೆಳಗಿನ ಮೊದಲ ಮೂತ್ರವನ್ನು ಪರೀಕ್ಷಿಸಿದರೆ ಸಂಶಯ ಬಹುಮಟ್ಟಿಗೆ ತೀರುತ್ತದೆ. ಔಷಧದ ಅಂಗಡಿಯಲ್ಲಿ ಪಟ್ಟಿ ಸಿಗುತ್ತದೆ. ಆಶಾ ಕಾರ್ಯಕರ್ತೆಯರನ್ನೂ ಕೇಳಬಹುದು. ಕಾಚಿಗುಡದ ಬಳಿಯ ನಮ್ಮ ಲಿಂಗಂಪಲ್ಲಿಯವರಿಗೆ ಸುಲ್ತಾನ್ ಬಜಾರಿನ ಸರಕಾರಿ ಹೆರಿಗೆ ಆಸ್ಪತ್ರೆಯೂ ದೂರವಲ್ಲ.

ಇನ್ನೊಂದು ಎಚ್ಚರಿಕೆ. ಬಸಿರೆಂದು ತಿಳಿದ ಮೇಲೆ ರಕ್ತ ಕಂಡರೆ, ಅದು ಎಷ್ಟೇ ಅಲ್ಪವಾಗಿರಲಿ, ವೈದ್ಯರಿಗೆ ತಿಳಿಸಲೇಬೇಕು. ಅದರೊಡನೆ ಹೊಟ್ಟೆಯ ಒಂದು ಪಕ್ಕದಲ್ಲಿ ತೀವ್ರ ನೋವು, ಭುಜದ ತುದಿಯಲ್ಲಿ ನೋವು, ತಲೆ ಸುತ್ತುವುದು, ಕಣ್ಣು ಕತ್ತಲಿಡುವುದು, ಇಲ್ಲವೆ ಹೆಚ್ಚು ಸ್ರಾವ ಇದ್ದರೆ ಬೆಳಗಾಗಲೆಂದು ಕಾಯಬೇಡಿ. ಗರ್ಭವು ನಾಳದಲ್ಲೇ ನಿಂತಿದ್ದರೆ ತಾಯಿಯ ಪ್ರಾಣಕ್ಕೇ ಅಪಾಯ. 2005ರಲ್ಲಿ ನಮ್ಮ ಹೈದರಾಬಾದಿನಲ್ಲೇ ಆರಂಭವಾದ 108ರ ವಾಹನವನ್ನು ಕೂಡಲೇ ಕರೆಯಿರಿ. ನೆಗೆಟಿವ್ ರಕ್ತದ ಗುಂಪಿನವರು ಅದನ್ನು ಮರೆಯದೆ ಹೇಳಬೇಕು. ಅವರಿಗೆ ಬೇರೆ ಚುಚ್ಚುಮದ್ದು ಬೇಕಾಗಬಹುದು.

ಊರಿನಲ್ಲಾದರೆ ಅಮ್ಮನೋ ದೊಡ್ಡಮ್ಮನೋ ಮುಖ ನೋಡಿಯೇ ಕೇಳುತ್ತಿದ್ದರು. ಇಲ್ಲಿ ನಾವೇ ಒಬ್ಬರಿಗೊಬ್ಬರು ದೊಡ್ಡಮ್ಮನಾಗಬೇಕು. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಈ ತಾರೀಖಿಗೂ ಒಂದು ಗುರುತು ಹಾಕಿ. ಎಷ್ಟು ಹೋಯಿತು, ಎಷ್ಟು ದಿನ ಎಂದೂ ಬರೆದಿಡಿ. ನಾಚಿಕೆಪಡುವಂಥದ್ದು ಇದರಲ್ಲೇನೂ ಇಲ್ಲ.