ಅಡಿಕೆಯ ಹಳೆಯ ಲೆಕ್ಕ ಓದುವವರು ನಮ್ಮಲ್ಲಿ ಬೇಕು

ಪುತ್ತೂರಿನ ಮಹಾಲಿಂಗೇಶ್ವರ ಜಾತ್ರೆಯ ಅಂಗಡಿ ಜಾಗದ ಏಲಂ ಹಿಂದೂಗಳಿಗೆ ಮಾತ್ರ ಎಂದು 2022ರಲ್ಲಿ ಸಾರಿದ್ದು ತಪ್ಪು. ಇಂದಿಗೂ ಹಾಗೆಯೇ ಹೇಳುತ್ತೇನೆ. ಆದರೆ ಅದನ್ನು ವಿರೋಧಿಸಿದ ನಾವೂ ‘ಮೊದಲೆಲ್ಲ ಸೌಹಾರ್ದವಿತ್ತು’ ಎಂದು ಭಾಷಣ ಮಾಡಿದೆವೇ ಹೊರತು ದಾಖಲೆ ಮುಂದಿಡಲಿಲ್ಲ. ದಾಖಲೆ ಇದೆ. ಓದುವವರಿಲ್ಲ.

ತುಳುನಾಡನ್ನು ಆಳಿದ ಆಳುಪರ ಕಾಲದಲ್ಲಿ, 1132ರಿಂದ 1149ರ ನಡುವಿನ ಬಹುಕಾಲವನ್ನು ಟುನೀಶಿಯಾ ಮೂಲದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಮಂಗಳೂರಿನಲ್ಲಿ ಕಳೆದ. ಅವನ ಪತ್ರಗಳೂ ಲೆಕ್ಕಗಳೂ ಕೈರೋದ ಬೆನ್ ಎಜ್ರಾ ಸಿನಗಾಗ್‌ನ ಹಳೆಯ ಕಾಗದಗಳ ಕೋಣೆಯಾದ ಗೆನೀಜಾದಲ್ಲಿ ಉಳಿದವು. ಆ ರಾಶಿಯ ಸುಮಾರು 1,93,000 ತುಣುಕುಗಳು ಈಗ ಕೇಂಬ್ರಿಜ್‌ನಲ್ಲಿವೆ. ಅಡಿಕೆ, ಕಾಳುಮೆಣಸು, ಏಲಕ್ಕಿ, ಕಬ್ಬಿಣ ಇಲ್ಲಿಂದ ಏಡನ್ ಬಂದರಿಗೆ ಹೋದ ಲೆಕ್ಕ ಬೆನ್ ಯಿಜುವಿನ ಕಾಗದಗಳಲ್ಲಿದೆ. ಏಲಕ್ಕಿಗೆ ಮುಂಗಡ ತೆಗೆದುಕೊಂಡು ಮಾಲು ಕೊಡದ ಸ್ಥಳೀಯ ದಲ್ಲಾಳಿಯ ತಕರಾರೂ ಇದೆ! ಮೆಣಸು, ಏಲಕ್ಕಿ ಬಂದರಿನಲ್ಲಿ ಬೆಳೆಯುವುದಿಲ್ಲ. ಘಟ್ಟದಿಂದ ಇಳಿದು ಬರಬೇಕು. ಸುಳ್ಯದ ದಾರಿಯಲ್ಲೋ, ಕುಮಾರಧಾರೆ ನೇತ್ರಾವತಿಯನ್ನು ಸೇರುವ ಉಪ್ಪಿನಂಗಡಿಯ ಮೂಲಕವೋ? ಅದನ್ನು ಹುಡುಕಬೇಕಾದವರು ನಮ್ಮ ಹುಡುಗ ಹುಡುಗಿಯರು.

ಈ ಕಾಗದಗಳು ಬರಿಯ ಸೌಹಾರ್ದದ ಕತೆ ಹೇಳುವುದಿಲ್ಲ. ಬೆನ್ ಯಿಜುವಿನ ಮಕ್ಕಳ ತಾಯಿಯೆಂದು ವಿದ್ವಾಂಸರು ಗುರುತಿಸುವ ಆಶು, ಅವನು ಬಿಡುಗಡೆ ಮಾಡಿದ ದಾಸಿ. ಏಡನ್‌ಗೆ ಹೋಗಿ ಅವನ ವ್ಯವಹಾರ ನೋಡಿ ಬರುತ್ತಿದ್ದ ಬೊಮ್ಮನೂ ಗುಲಾಮನೇ. ಒಡೆಯ ಪರದೇಶಿ, ದುಡಿದವರು ಈ ನೆಲದವರು. ಎರಡೂ ಬಣದ ಭಾಷಣಕಾರರಿಗೆ ಇದು ಹಿಡಿಸಲಿಕ್ಕಿಲ್ಲ. ಅದಕ್ಕೇ ಪೂರ್ತಿ ಓದಬೇಕು.

ಬೊಮ್ಮನ ಹೆಸರನ್ನೇ ನೋಡಿ. ಸ್ವರಗಳಿಲ್ಲದ ಹೀಬ್ರೂ ಬರಹದಲ್ಲಿ ಅದನ್ನು ಗೆನೀಜಾದ ಮಹಾಪಂಡಿತ ಎಸ್.ಡಿ. ಗೋಯ್ಟೈನ್ ‘ಬಾಮ’ ಎಂದು ಓದಿದ್ದರು. ಅದು ಬೊಮ್ಮ ಎಂದು ಲೇಖಕ ಅಮಿತಾವ್ ಘೋಷ್‌ಗೆ ಮನವರಿಕೆಯಾದದ್ದು ಮಂಗಳೂರಿನಲ್ಲಿ, ತುಳು ವಿದ್ವಾಂಸ ಬಿ.ಎ. ವಿವೇಕ ರೈ ಅವರ ನೆರವಿನಿಂದ. ನಮ್ಮ ಭಾಷೆ ಬಲ್ಲವರಿಲ್ಲದೆ ಈ ಶೋಧ ಮುಂದೆ ಸಾಗದು.

ಹೀಬ್ರೂ ಎಂದೊಡನೆ ‘ಇಸ್ರೇಲ್ ರಾಜಕೀಯ ನಮಗೇಕೆ’ ಎನ್ನುವವರಿಗೆ ಹೇಳುವುದಿಷ್ಟೇ: ಈ ಪತ್ರಗಳು ಬಹುಪಾಲು ಅರಬ್ಬಿಯಲ್ಲಿವೆ, ಲಿಪಿ ಮಾತ್ರ ಹೀಬ್ರೂ. ಪುತ್ತೂರು, ಸುಳ್ಯ, ಕಡಬದ ಮಸೀದಿಗಳ ದರ್ಸ್ ಪಾಠಗಳಲ್ಲಿ ಅರಬ್ಬಿ ಕಲಿತ, ಮನೆಯಲ್ಲಿ ಬ್ಯಾರಿ, ಬೀದಿಯಲ್ಲಿ ತುಳು ಆಡುವ ಯುವಕನಿಗೆ ಇನ್ನು ಬೇಕಾದದ್ದು 22 ಅಕ್ಷರ, ಹಳೆಯ ಕೈಬರಹದ ತರಬೇತಿ. ಅವನ ಪಕ್ಕದಲ್ಲಿ ಶಾಸನ ಓದಬಲ್ಲ ಕನ್ನಡ ಎಂ.ಎ. ವಿದ್ಯಾರ್ಥಿನಿ ಕೂರಲಿ. ಪ್ರಿನ್ಸ್‌ಟನ್ ಗೆನೀಜಾ ಪ್ರಾಜೆಕ್ಟ್‌ನ ಪಠ್ಯಗಳು, ಕೇಂಬ್ರಿಜ್ ಡಿಜಿಟಲ್ ಲೈಬ್ರರಿಯ ಚಿತ್ರಗಳು ಪುಕ್ಕಟೆ ಸಿಗುತ್ತವೆ. ಸುಳ್ಯದಲ್ಲಿ ಕುಳಿತೂ ತೆರೆಯಬಹುದು.

ಸಮುದಾಯಕ್ಕೊಂದು ಅಧ್ಯಯನ ಪೀಠ ಕೇಳುವ ನಮ್ಮ ಮುಖಂಡರು ಈ ಓದಿನ ತರಬೇತಿಯನ್ನೂ ಕೇಳಲಿ. ಮಂಗಳೂರು ವಿಶ್ವವಿದ್ಯಾನಿಲಯ ಪುತ್ತೂರಿನಲ್ಲೇ ಒಂದು ವರ್ಷದ ಸರ್ಟಿಫಿಕೇಟ್ ಕೋರ್ಸ್ ತೆರೆಯಲಿ. ಖರ್ಚಿನ ಪಾಲನ್ನು 1973ರಿಂದ ಅಡಿಕೆ ಬೆಳೆಗಾರರ ಸಂಸ್ಥೆಯಾಗಿರುವ ಕ್ಯಾಂಪ್ಕೊ ಹೊರಲಿ. ಈ ಕಾಗದಗಳಲ್ಲಿರುವುದು ಅದರ ಸದಸ್ಯರ ಬೆಳೆಯದೇ ಚರಿತ್ರೆ.