ಮೈಸೂರು ನೌಕೆಗೆ ಯಾವ ಬಣ್ಣ?

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಗೆ ಕಡಲು ದೂರ. ಆದರೂ ಈ ಊರುಗಳನ್ನೊಳಗೊಂಡಿದ್ದ ಮೈಸೂರು ರಾಜ್ಯದ ಹೆಸರನ್ನು ಹೊತ್ತ ಯುದ್ಧನೌಕೆಯೊಂದು ಕಡಲಿನಲ್ಲಿ ಸಂಚರಿಸಿತ್ತು. ಮನೆಯಲ್ಲಿ ಮರದಿಂದಲೋ ರಟ್ಟಿನಿಂದಲೋ ಅದರ ಮಾದರಿಯನ್ನು ರಚಿಸಬಯಸುವ ಬಾಲಕ ಬಾಲಿಕೆಯರು ಮೊದಲು ಬಣ್ಣವನ್ನು ವಿಚಾರಿಸುವರು. ಅದಕ್ಕೂ ಮುಂಚೆ ವರ್ಷವನ್ನು ಗೊತ್ತುಮಾಡಿಕೊಳ್ಳುವುದು ಉಚಿತ.

ಈ ಹಡಗು 1940ರಲ್ಲಿ ‘ನೈಜೀರಿಯಾ’ ಎಂಬ ಹೆಸರಿನಿಂದ ಬ್ರಿಟಿಷ್ ನೌಕಾಪಡೆಯನ್ನು ಸೇರಿತು. ಆಗ ಅದಕ್ಕೆ ಆರಂಗುಲದ ಫಿರಂಗಿಗಳು 12. 1957ರ ಆಗಸ್ಟ್ 29ರಂದು ‘ಮೈಸೂರು’ ಆಗಿ ಭಾರತದ ಪಡೆಗೆ ಸೇರಿದಾಗ ಇದ್ದುವು 9. ಹನ್ನೆರಡು ಫಿರಂಗಿಗಳನ್ನಿಟ್ಟು, ಯುದ್ಧಕಾಲದ ಮರೆಬಣ್ಣದ ಪಟ್ಟೆಗಳನ್ನು ಬಳಿದು, ಮೇಲೆ ಮೈಸೂರೆಂದು ಬರೆದರೆ, ಅಂತಹ ಹಡಗು ಎಂದೂ ತೇಲಿದುದಿಲ್ಲ. 1985ರಲ್ಲಿ ಅದು ನಿವೃತ್ತವಾಯಿತು. 1999ರಲ್ಲಿ ಸೇವೆಗಿಳಿದ ಅದೇ ಹೆಸರಿನ ನೌಕೆ ಬೇರೆ.

ಹಳೆಯ ಛಾಯಾಚಿತ್ರವೊಂದಿದ್ದರೆ ಸಾಕೆಂದು ನಂಬುವವರು ಬಹಳ. ಕಪ್ಪುಬಿಳುಪಿನ ಚಿತ್ರವು ಬಣ್ಣದ ಗಾಢತೆಯನ್ನು ಸ್ವಲ್ಪ ತಿಳಿಸೀತು, ಬಣ್ಣವನ್ನು ತಿಳಿಸದು. ಮುಂದೆ ನಮ್ಮ ದೇಶದ ಕೊನೆಯ ವೈಸರಾಯರಾದ ಮೌಂಟ್‌ಬ್ಯಾಟನ್ನರು 1940ರಲ್ಲಿ ತಮ್ಮ ಹಡಗುಗಳಿಗೆ ನಸುನೇರಳೆ ಬೆರೆತ ಗುಲಾಬಿಯನ್ನು ಬಳಿಸಿದರು. ಮುಸ್ಸಂಜೆಯಲ್ಲಿ ಶತ್ರುವಿಗೆ ಕಾಣದೆಂಬ ಎಣಿಕೆ. ಚಿತ್ರದಲ್ಲಿ ಅದೂ ಬರಿಯ ಬೂದಿ! ಫಿಲ್ಮುಗಳೂ ಒಂದೇ ಬಗೆಯವಲ್ಲ. ಕೆಲವು ಹಳೆಯ ಫಿಲ್ಮುಗಳಲ್ಲಿ ಕೆಂಪು ಕಪ್ಪಾಗಿಯೂ ನೀಲಿ ಬಿಳುಪಾಗಿಯೂ ಮೂಡುತ್ತವೆ. ಇದನ್ನರಿಯಲು ಧ್ವಜವನ್ನು ನೋಡಬೇಕು. 1957ರ ನಮ್ಮ ನೌಕಾಧ್ವಜದಲ್ಲಿ ಬಿಳಿಯ ನೆಲದ ಮೇಲೆ ಕೆಂಪು ಶಿಲುಬೆಯೂ ಮೂಲೆಯಲ್ಲಿ ತ್ರಿವರ್ಣವೂ ಇದ್ದುವು. ಆ ಶಿಲುಬೆ ಮಸಿಯಂತೆ ಕಂಡರೆ ಫಿಲ್ಮು ಕೆಂಪಿಗೆ ಕುರುಡೆಂದು ತಿಳಿಯಿರಿ. ನೀರಿನಂಚಿನ ಪಟ್ಟಿ ಕಪ್ಪೋ ಕೆಂಪೋ ಎಂಬ ತೀರ್ಪನ್ನು ಆ ಚಿತ್ರದಿಂದ ಕೊಡಲಾಗದು.

ಚಿತ್ರಕ್ಕಿಂತ ನೌಕಾಪಡೆಯ ಬಣ್ಣಪಟ್ಟಿ ಮೇಲಾದ ಸಾಕ್ಷಿ. ಬ್ರಿಟಿಷರ ಪಟ್ಟಿಯಲ್ಲಿ 507ಎ ಎಂದರೆ ಕಡುಬೂದಿ, 507ಸಿ ಎಂದರೆ ತಿಳಿಬೂದಿ. ಆದರೆ ಹಳೆಯ ನಮೂನೆಯ ಚೂರನ್ನೂ ಕುರುಡಾಗಿ ನಂಬಲಾಗದು. ಬಣ್ಣದೊಳಗಿನ ಎಣ್ಣೆ ಕಾಲಕ್ರಮದಲ್ಲಿ ಹಳದಿಗೊಂಡು, ನೀಲಿಬೂದಿ ಹಸುರುಬೂದಿಯಾಗಿ ತೋರುವುದುಂಟು.

ಇನ್ನು ಅಳತೆ. ಸುಮಾರು 169 ಮೀಟರು ಉದ್ದದ ಈ ಹಡಗು, 350ರಲ್ಲಿ ಒಂದು ಪಾಲಿನ ಮಾದರಿಯಾದಾಗ 48 ಸೆಂಟಿಮೀಟರು. ದೂರದ ಬೆಟ್ಟ ಮಸುಕಾಗಿ ಕಾಣುವಂತೆ ದೂರದ ಹಡಗೂ ತಿಳಿಯಾಗಿ ಕಾಣುವುದರಿಂದ, ಮಾದರಿಗೆ ಬಳಿಯುವ ಬಣ್ಣಕ್ಕೆ ತುಸು ಬಿಳಿಯನ್ನು ಬೆರೆಸುವುದು ವಾಡಿಕೆ. ಇದು ನಮಗೂ ಸಮ್ಮತವೇ. ಆದರೆ ಬೆರೆಸದ ಮೂಲ ಬಣ್ಣದ ಒಂದು ಗೀಟನ್ನು ಪೀಠದ ಅಡಿಯಲ್ಲಿ ಎಳೆದು, ಪಕ್ಕದಲ್ಲಿ ಹಡಗಿನ ವರ್ಷವನ್ನೂ ಬೆರೆಸಿದ ಬಿಳಿಯ ಪಾಲನ್ನೂ ಬರೆದಿಡತಕ್ಕದ್ದು.